ತಂತಿಯಿಲ್ಲದ ಪುಟ್ಟ ನೋಡ್‌ಗಳ ಮೇಲೊಂದು ಸಂಶೋಧನಾ ಪ್ರಾಜೆಕ್ಟ್: ಪ್ರಶ್ನೆಯಿಂದ ಪ್ರಬಂಧದವರೆಗೆ

ನೆಟ್‌ವರ್ಕ್ ಕ್ಷೇತ್ರದಲ್ಲಿ ಸಂಶೋಧನೆ ಮಾಡಬೇಕೆಂದು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು "ಯಾವ ಬೋರ್ಡ್ ಕೊಳ್ಳಲಿ?" ಎಂದು. ಬೋರ್ಡ್ ಕೊಂಡು, ನಾಲ್ಕು ಸೆನ್ಸರ್ ಜೋಡಿಸಿ, ಕೋಣೆಯ ತಾಪಮಾನವನ್ನು ಮೊಬೈಲ್ ಪರದೆಯ ಮೇಲೆ ತೋರಿಸಿದ ಮೇಲೆ "ಮುಂದೇನು?" ಎನ್ನುತ್ತಾರೆ. ಅಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ಅವರು ಕಟ್ಟಿದ್ದು ಕೆಲಸ ಮಾಡುವ ಸಾಧನವೇ ಸರಿ, ಆದರೆ ಹಿಂದೆ ಗೊತ್ತಿಲ್ಲದಿದ್ದ ಒಂದು ಸಂಗತಿಯೂ ಅದರಿಂದ ಹೊರಬಂದಿರುವುದಿಲ್ಲ. ಈ ಕ್ಷೇತ್ರದ ಸಂಶೋಧನೆಯಲ್ಲಿ ಶ್ರಮದ ಬಹುಪಾಲು ಹೋಗುವುದು ಅಳತೆಗೆ. ಅದರಲ್ಲೂ ನಮ್ಮ ಅಳತೆ ನಮ್ಮನ್ನೇ ಮೋಸಗೊಳಿಸದಂತೆ ಕಾಯುವುದಕ್ಕೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ಒಂದು ಕಟ್ಟಡದಲ್ಲಿ ಬ್ಯಾಟರಿಯಿಂದ ನಡೆಯುವ ಹತ್ತು ನೋಡ್‌ಗಳಿವೆ (ಸೆನ್ಸರ್, ಪ್ರೊಸೆಸರ್, ರೇಡಿಯೊ ಇರುವ ಪುಟ್ಟ ಸಾಧನಗಳು), ಪಕ್ಕದಲ್ಲೇ ವೈಫೈ ಇದೆ. ನೋಡ್‌ಗಳು ಕಳಿಸುವ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ಸಣ್ಣ ತುಂಡುಗಳು, ಆಗಾಗ ಕಳೆದುಹೋಗುತ್ತವೆ. ಕಳೆದ ಪ್ಯಾಕೆಟನ್ನು ತಕ್ಷಣ ಮತ್ತೆ ಕಳಿಸುವುದು ಲೇಸೋ, ಸ್ವಲ್ಪ ಕಾದು ಕಳಿಸುವುದು ಲೇಸೋ?

ಹಂತ 1: ಪ್ರಶ್ನೆಯನ್ನು ಅಳೆಯಬಹುದಾದ ರೂಪಕ್ಕೆ ತನ್ನಿ

ಒಳ್ಳೆಯ ಪ್ರಶ್ನೆಗಳು ಹೆಚ್ಚಾಗಿ ಕಿರಿಕಿರಿಯಿಂದ ಹುಟ್ಟುತ್ತವೆ. 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡೂ ಜಾಗಗಳ ನಡುವಿನ ದೂರ ಸುಮಾರು 400 ಗಜ. ಆ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್ಸನ್ ತಲೆಯಲ್ಲಿ ಎದ್ದ ಪ್ರಶ್ನೆ ನೇರವಾಗಿತ್ತು: ಇಂಟರ್ನೆಟ್‌ನಲ್ಲಿ ದತ್ತಾಂಶವನ್ನು ತಪ್ಪದೆ ತಲುಪಿಸುವ ಟಿಸಿಪಿ ಪ್ರೊಟೊಕಾಲ್ ತಪ್ಪಾಗಿ ನಡೆದುಕೊಳ್ಳುತ್ತಿದೆಯೇ, ಅಥವಾ ಹದಗೆಟ್ಟ ಜಾಲದಲ್ಲೂ ಅದು ಇನ್ನೂ ಚೆನ್ನಾಗಿ ನಡೆಯುವಂತೆ ತಿದ್ದಬಹುದೇ? ಎರಡಕ್ಕೂ ಉತ್ತರ "ಹೌದು" ಎಂದಾಯಿತು. 1988ರಲ್ಲಿ ಪ್ರಕಟವಾದ ಆ ಕೆಲಸದಿಂದಲೇ ಇಂದಿನ ದಟ್ಟಣೆ ನಿಯಂತ್ರಣ ಬೆಳೆದು ಬಂತು.

ನಮ್ಮ ಪ್ರಶ್ನೆಗೆ ಬರೋಣ. "ಕಾಯುವುದು ಲೇಸೇ?" ಎಂಬಷ್ಟರಿಂದ ಕೆಲಸ ಸಾಗದು. ಯಾವ ಅರ್ಥದಲ್ಲಿ ಲೇಸು? ತಲುಪಿದ ಪ್ಯಾಕೆಟ್‌ಗಳ ಶೇಕಡಾವಾರು ಒಂದು ಮಾನ, ಪ್ರತಿ ಪ್ಯಾಕೆಟ್‌ಗೆ ತಗಲುವ ಶಕ್ತಿ ಇನ್ನೊಂದು, ತಲುಪಲು ಹಿಡಿಯುವ ಸಮಯ ಮತ್ತೊಂದು. ಕಾಯುವುದರಿಂದ ಮೊದಲೆರಡು ಸುಧಾರಿಸಿ ಮೂರನೆಯದು ಕೆಡಬಹುದು. ಹಾಗಾಗಿ ಪ್ರಶ್ನೆಯನ್ನು ಹೀಗೆ ಬರೆದುಕೊಳ್ಳಿ: ವೈಫೈ ಸಂಚಾರ ಇರುವ ಚಾನೆಲ್‌ನಲ್ಲಿ ಮರುಪ್ರಸಾರಕ್ಕೆ ಮುನ್ನ 0, 5, 20, 100, 500 ಮಿಲಿಸೆಕೆಂಡ್ ಕಾದರೆ, ಒಂದು ಪ್ಯಾಕೆಟ್ ತಲುಪಿಸಲು ಸರಾಸರಿ ಎಷ್ಟು ಪ್ರಯತ್ನ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ? ಜೊತೆಗೆ ನಿಮ್ಮ ಊಹೆಯನ್ನೂ ದಿನಾಂಕ ಹಾಕಿ ಬರೆದಿಡಿ. ಫಲಿತಾಂಶ ಬಂದ ಮೇಲೆ "ನಾನು ಮೊದಲೇ ಅಂದುಕೊಂಡಿದ್ದೆ" ಎನ್ನುವ ಚಪಲದಿಂದ ಆ ದಿನಾಂಕ ಕಾಪಾಡುತ್ತದೆ.

"ತಕ್ಷಣ" ಎಂಬ ಪದವನ್ನೂ ಬಿಡಿಸಿ ಹೇಳಬೇಕು. ಇಂಥ ಪುಟ್ಟ ನೋಡ್‌ಗಳ ರೇಡಿಯೊ ಪಾಲಿಸುವ 802.15.4 ಮಾನದಂಡದಲ್ಲಿ ಕಳಿಸುವ ಮುನ್ನ ರೇಡಿಯೊ ತಾನಾಗಿ ಯಾದೃಚ್ಛಿಕವಾಗಿ ಸ್ವಲ್ಪ ಕಾಯುತ್ತದೆ. ರೂಢಿಯ ನಿಯಮದಂತೆ ಮೊದಲ ಬಾರಿಗೆ 0ಯಿಂದ 7 ಅವಧಿಗಳು, ಒಂದು ಅವಧಿ 320 ಮೈಕ್ರೊಸೆಕೆಂಡ್. ಅಂದರೆ ನಮ್ಮ "ಶೂನ್ಯ" ನಿಜವಾಗಿ 2.24 ಮಿಲಿಸೆಕೆಂಡ್‌ವರೆಗೂ ಹೋಗಬಹುದು. ಇದನ್ನು ಮೊದಲ ದಿನವೇ ಬರೆದಿಟ್ಟುಕೊಂಡವರು ಕಡಿಮೆ.

ಹಂತ 2: ಓದು, ಆದರೆ ಹಿಂದಿನಿಂದ ಮುಂದಕ್ಕೆ

ಸಂಶೋಧನಾ ಪ್ರಬಂಧದ ಪೀಠಿಕೆ ಎಲ್ಲರದೂ ಒಂದೇ ರಾಗ. ನೇರವಾಗಿ ಮೌಲ್ಯಮಾಪನದ ಭಾಗಕ್ಕೆ ಹೋಗಿ. ಎಷ್ಟು ನೋಡ್, ಎಷ್ಟು ದಿನ, ಯಾವ ಚಾನೆಲ್, ಯಾವುದರೊಂದಿಗೆ ಹೋಲಿಕೆ, ಎಷ್ಟು ಬಾರಿ ಪುನರಾವರ್ತನೆ ಎಂಬ ಐದು ಕಾಲಂಗಳ ಕೋಷ್ಟಕವೊಂದನ್ನು ಮಾಡಿ ತುಂಬುತ್ತಾ ಹೋಗಿ. ಇಪ್ಪತ್ತು ಸಾಲು ತುಂಬುವಷ್ಟರಲ್ಲಿ ಖಾಲಿ ಜಾಗ ತಾನಾಗಿ ಕಾಣಿಸುತ್ತದೆ: ಎಲ್ಲರೂ ರಾತ್ರಿ ಅಳೆದಿದ್ದಾರೆ, ಅಥವಾ ಯಾರೂ ಒಂದಕ್ಕಿಂತ ಹೆಚ್ಚು ಜಿಗಿತದ ಹಾದಿಯಲ್ಲಿ (ನಡುವಿನ ನೋಡ್‌ಗಳ ಮೂಲಕ ಹಾದು ಹೋಗುವಾಗ) ನೋಡಿಲ್ಲ. ಆ ಖಾಲಿ ಜಾಗವೇ ನಿಮ್ಮ ಪ್ರಾಜೆಕ್ಟ್‌ನ ನಿವೇಶನ.

ಪ್ರಬಂಧಗಳ ಜೊತೆ ಆರ್‌ಎಫ್‌ಸಿಗಳನ್ನೂ (ಇಂಟರ್ನೆಟ್‌ನ ನಿಯಮಗಳನ್ನು ವಿವರಿಸುವ, ಸಂಖ್ಯೆ ಹಾಕಿದ ದಾಖಲೆಗಳು) ಓದಿ. ಕಡಿಮೆ ಶಕ್ತಿಯ ಜಾಲಗಳಿಗೆ 4944 ಮತ್ತು 6282 (ಇಂಟರ್ನೆಟ್ ಪ್ರೊಟೊಕಾಲ್‌ನ 6ನೇ ಆವೃತ್ತಿಯಾದ ಐಪಿವಿ6ರ ಪ್ಯಾಕೆಟ್‌ಗಳನ್ನು ಕುಗ್ಗಿಸಿ ತುಂಬುವ ಬಗೆ), 6550 (ಆರ್‌ಪಿಎಲ್ ಮಾರ್ಗ ಆಯ್ಕೆ), 7252 (ಪುಟ್ಟ ಸಾಧನಗಳಿಗೆಂದೇ ಮಾಡಿದ, ವೆಬ್ ಮಾದರಿಯ ಕೋಆ್ಯಪ್ ಪ್ರೊಟೊಕಾಲ್) ಮುಖ್ಯ. ಐಪಿವಿ6 ಕನಿಷ್ಠ 1280 ಬೈಟ್‌ಗಳ ಪ್ಯಾಕೆಟ್ ಸಾಗಬೇಕೆಂದು ಕೇಳುತ್ತದೆ, 802.15.4ರ ಮೂಲ ಭೌತಿಕ ಪದರದಲ್ಲಿ ಒಂದು ಫ್ರೇಮ್‌ನಲ್ಲಿ (ರೇಡಿಯೊ ಒಮ್ಮೆಗೆ ಕಳಿಸುವ ತುಂಡು) ಹಿಡಿಸುವುದು ಹೆಚ್ಚೆಂದರೆ 127 ಬೈಟ್. ಐಪಿವಿ6 ಶಿರೋಭಾಗವೊಂದೇ 40 ಬೈಟ್. ಅನುಕೂಲ ಸನ್ನಿವೇಶದಲ್ಲಿ ಅದು 2 ಬೈಟ್‌ಗೆ ಇಳಿಯುತ್ತದೆ. ಇಂಥ ಲೆಕ್ಕ ಬಾಯಿಗೆ ಬಂದ ಮೇಲೆ ಪ್ರಬಂಧಗಳು ಬೇರೆಯೇ ತೆರನಾಗಿ ಓದಿಸಿಕೊಳ್ಳುತ್ತವೆ.

ಹಂತ 3: ಕಾಗದದ ಮೇಲೆ ಲೆಕ್ಕ

ಒಂದು ಸಾಲು ಕೋಡ್ ಬರೆಯುವ ಮುನ್ನ ಅರ್ಧ ದಿನ ಕಾಗದ ಪೆನ್ಸಿಲ್ ಹಿಡಿದು ಕೂರಿ. 2.4 ಗಿಗಾಹರ್ಟ್ಸ್‌ನಲ್ಲಿ 802.15.4ರ ವೇಗ ಸೆಕೆಂಡಿಗೆ 250 ಕಿಲೋಬಿಟ್. ಪೂರ್ಣ ಫ್ರೇಮ್‌ನ 127 ಬೈಟ್‌ಗೆ ಮುಂದೆ ಅಂಟುವ 6 ಬೈಟ್ ಸೇರಿಸಿದರೆ 133 ಬೈಟ್, ಅಂದರೆ 1,064 ಬಿಟ್. ಗಾಳಿಯಲ್ಲಿ ಅದು ಇರುವುದು 4.26 ಮಿಲಿಸೆಕೆಂಡ್. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಇದೇ ನಮ್ಮ ಕಾಲಿಗೆ ತೊಡರುತ್ತದೆ.

ಇನ್ನು ಶಕ್ತಿ. ಬಹಳ ಕಾಲ ಸಂಶೋಧಕರ ಮೆಚ್ಚಿನ ರೇಡಿಯೊ ಆಗಿದ್ದ ಸಿಸಿ2420 ಕೇಳಿಸಿಕೊಳ್ಳುವಾಗ 18.8 ಮಿಲಿಆಂಪಿಯರ್ ಎಳೆಯುತ್ತದೆ, ಪೂರ್ಣ ಬಲದಲ್ಲಿ ಕಳಿಸುವಾಗ 17.4. ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ: ಸುಮ್ಮನೆ ಕೇಳುತ್ತಾ ಕೂರುವುದು ಮಾತಾಡುವುದಕ್ಕಿಂತ ದುಬಾರಿ. 2,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಇದ್ದು ರೇಡಿಯೊ ಸದಾ ತೆರೆದಿದ್ದರೆ ಸುಮಾರು 133 ಗಂಟೆ, ಅಂದರೆ ಐದೂವರೆ ದಿನ. ನೂರರಲ್ಲಿ ಒಂದು ಭಾಗ ಮಾತ್ರ ತೆರೆದಿಟ್ಟರೆ, ನಿದ್ರೆಯ ಖರ್ಚನ್ನು ಬಿಟ್ಟು ಲೆಕ್ಕ ಹಾಕಿದಾಗ, ಒಂದೂವರೆ ವರ್ಷ. ನಮ್ಮ ಪ್ರಯೋಗದಲ್ಲಿ ಕಾಯುವ 500 ಮಿಲಿಸೆಕೆಂಡ್ ಹೊತ್ತು ರೇಡಿಯೊವನ್ನು ಮುಚ್ಚಿದೆವೋ ತೆರೆದಿಟ್ಟೆವೋ ಎಂಬುದರ ಮೇಲೆ ಇಡೀ ತೀರ್ಮಾನ ಬದಲಾಗುತ್ತದೆ. ಇದನ್ನು ತಿಳಿಯಲು ಬೋರ್ಡ್ ಬೇಕಾಗಲಿಲ್ಲ.

ಹಂತ 4: ಸಿಮ್ಯುಲೇಟರ್

ಜಾಲದ ನಡವಳಿಕೆಯನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಎನ್‌ಎಸ್-3, ಓಮ್‌ನೆಟ್++, ಕೂಜಾ ಮೂರೂ ಶೈಕ್ಷಣಿಕ ಸಂಶೋಧನೆಗೆ ಉಚಿತವಾಗಿ ಸಿಗುತ್ತವೆ. ದೊಡ್ಡ ಜಾಲ, ಟಿಸಿಪಿ, ವೈಫೈ ಎಂದರೆ ಎನ್‌ಎಸ್-3. ಪುಟ್ಟ ನೋಡ್‌ಗಳಿಗೆ ನನ್ನ ಒಲವು ಕೂಜಾದ ಕಡೆ, ಏಕೆಂದರೆ ಅದು ಕೆಲವು ಹಳೆಯ ಬೋರ್ಡ್‌ಗಳ ಪ್ರೊಸೆಸರನ್ನೇ ಅನುಕರಿಸಿ ನಿಜವಾದ ಫರ್ಮ್‌ವೇರನ್ನೇ (ಬೋರ್ಡ್‌ನೊಳಗೆ ಓಡುವ ತಂತ್ರಾಂಶ) ಓಡಿಸಬಲ್ಲದು. ನಿಮ್ಮ ಕೋಡ್‌ನ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಸಿಮ್ಯುಲೇಟರ್ ತರ್ಕದ ತಪ್ಪನ್ನು ಹಿಡಿಯುತ್ತದೆ, ರೇಡಿಯೊದ ವಿಷಯದಲ್ಲಿ ಮಾತ್ರ ಅದು ತೋರಿಸುವುದು ಕನ್ನಡಿಯೊಳಗಿನ ಗಂಟು. ಸರಳ ಮಾದರಿಯಲ್ಲಿ ನೋಡ್‌ನ ಸುತ್ತ ಒಂದು ವೃತ್ತ: ಒಳಗಿದ್ದರೆ ಕೇಳಿಸುತ್ತದೆ, ಹೊರಗಿದ್ದರೆ ಇಲ್ಲ. ನಿಜದಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವೆ ಅಗಲವಾದ ಬೂದು ವಲಯವಿದೆ. ಹತ್ತು ಮೀಟರ್‌ನಲ್ಲಿ ಸಿಗದ ನೋಡ್ ಹದಿನೈದರಲ್ಲಿ ಸಿಗಬಹುದು. ಇದರಿಂದ ಅದಕ್ಕೆ ಕೇಳಿಸಿದರೂ ಅದರಿಂದ ಇದಕ್ಕೆ ಕೇಳಿಸದಿರಬಹುದು. ನಮ್ಮ ಪ್ರಶ್ನೆಯ ಜೀವಾಳವೇ ನಷ್ಟಗಳು ಗುಂಪುಗುಂಪಾಗಿ ಬರುತ್ತವೆಯೇ ಎಂಬುದು. ಪ್ರತಿ ಪ್ಯಾಕೆಟ್‌ಗೂ ಸ್ವತಂತ್ರವಾಗಿ ನಾಣ್ಯ ಚಿಮ್ಮುವ ಮಾದರಿಯಲ್ಲಿ ಕಾಯುವುದರಿಂದ ಲಾಭ ಕಾಣುವ ಸಾಧ್ಯತೆಯೇ ಇಲ್ಲ. ಆ ಮಾದರಿಯ ಫಲಿತಾಂಶ ಹಿಡಿದು "ಕಾಯುವುದು ವ್ಯರ್ಥ" ಎಂದು ಬರೆದರೆ ನಾವು ಅಳೆದದ್ದು ನಮ್ಮ ಊಹೆಯನ್ನೇ.

ಹಂತ 5: ಈಗ ಬೋರ್ಡ್

ಆಯ್ಕೆಯ ಮಾನದಂಡವನ್ನು ಪ್ರಶ್ನೆಯೇ ಹೇಳಿಕೊಡುತ್ತದೆ. ಅನೇಕ ರೇಡಿಯೊಗಳು ಪ್ಯಾಕೆಟ್ ತಲುಪಿತೆಂದು ತಿಳಿಸುವ ಉತ್ತರದ ಫ್ರೇಮ್ ಬರದಿದ್ದರೆ ತಾವಾಗಿಯೇ ಮರುಪ್ರಸಾರ ಮಾಡುತ್ತವೆ, ನಿಮ್ಮ ಕೋಡ್‌ಗೆ ಅದು ಗೊತ್ತೇ ಆಗುವುದಿಲ್ಲ. ನಮಗೆ ಆ ಸೌಲಭ್ಯವನ್ನು ನಿಲ್ಲಿಸಲು ಬಿಡುವ ರೇಡಿಯೊ ಬೇಕು. ಹಳೆಯ ಟೆಲೋಸ್‌ಬಿ ಬೋರ್ಡ್‌ನ ಕಾಲದಲ್ಲಿ 10 ಕಿಲೋಬೈಟ್ ರ‍್ಯಾಮ್‌ನೊಳಗೆ ಎಲ್ಲವನ್ನೂ ಅಡಕಬೇಕಿತ್ತು. ಇಂದಿನ ಎನ್‌ಆರ್‌ಎಫ್52840 ಚಿಪ್‌ನಲ್ಲಿ 256 ಕಿಲೋಬೈಟ್ ಇದೆ, 802.15.4 ಕೂಡ ಇದೆ. ಮೇಲೆ ಓಡಿಸಲು ಕಾಂಟಿಕಿ-ಎನ್‌ಜಿ, ರಯಟ್, ಜೆಫಿರ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂಗಳಿವೆ. ಯಾವುದನ್ನು ಆರಿಸಿದರೂ ನಿಮ್ಮ ಬೋರ್ಡ್‌ನ ರೇಡಿಯೊ ಚಾಲಕ ತಂತ್ರಾಂಶವನ್ನು ಸಾಲು ಸಾಲಾಗಿ ಒಮ್ಮೆ ಓದಿ. ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ.

ಒಂದು ಬೋರ್ಡ್ ಹೆಚ್ಚಿಗೆ ಕೊಂಡು ಅದನ್ನು ಕದ್ದಾಲಿಸುವ ಕೆಲಸಕ್ಕೇ ಮೀಸಲಿಡಿ. ಗಾಳಿಯಲ್ಲಿ ಹೋದದ್ದನ್ನು, ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಕಣ್ಣಾರೆ ನೋಡುವವರೆಗೆ ನೋಡ್ ಹೇಳುವುದನ್ನು ನಂಬಬೇಡಿ. ಕೇಳುವುದು ನಿಮ್ಮದೇ ಜಾಲವನ್ನಾಗಿರಲಿ.

ಹಂತ 6: ಲಾಗ್ ಬರೆಯುವುದು, ಅಥವಾ ನಾನು ಎರಡು ವಾರ ಕಳೆದುಕೊಂಡ ಕಥೆ

ಮೊದಲ ಬಾರಿ ಈ ಪ್ರಯೋಗ ಮಾಡಿದಾಗ ನನಗೆ ಸಿಕ್ಕ ಉತ್ತರ: ವ್ಯತ್ಯಾಸವೇ ಇಲ್ಲ. ತಕ್ಷಣ ಕಳಿಸಿದರೂ ಅಷ್ಟೇ, 5 ಮಿಲಿಸೆಕೆಂಡ್ ಕಾದರೂ ಅಷ್ಟೇ. ನೋಡ್‌ಗಳ ಜಾಗ ಬದಲಿಸಿದೆ, ಚಾನೆಲ್ ಬದಲಿಸಿದೆ, ಆಂಟೆನಾ ತಿರುಗಿಸಿದೆ. ಹುತ್ತ ಬಡಿದರೆ ಹಾವು ಸಾಯುವುದೇ?

ಕೊನೆಗೆ ಒಂದು ಸಂಜೆ, ಪ್ರತಿ ಪ್ರಸಾರ ಶುರುವಾದಾಗ ಮೈಕ್ರೊಕಂಟ್ರೋಲರ್‌ನ ಒಂದು ಪಿನ್‌ನ ವೋಲ್ಟೇಜ್ ಮೇಲೇರುವಂತೆ ಮಾಡಿ, ಆ ಏರಿಳಿತವನ್ನು ಸಮಯಸಹಿತ ತೋರಿಸುವ ಲಾಜಿಕ್ ಅನಲೈಸರನ್ನು ಅದಕ್ಕೆ ಜೋಡಿಸಿದೆ. ಪರದೆಯ ಮೇಲೆ ಎರಡು ಗೆರೆಗಳು ಕಂಡವು: ವಿಫಲವಾದ ಪ್ರಯತ್ನ, ಅದರ ಮರುಪ್ರಯತ್ನ. "ತಕ್ಷಣ" ಎಂದು ನಾನು ನಂಬಿದ್ದ ಕೋಡ್‌ನಲ್ಲಿ ಅವುಗಳ ನಡುವಿನ ಅಂತರ ನಾಲ್ಕು ಮಿಲಿಸೆಕೆಂಡಿಗೂ ಮೇಲಿತ್ತು. ಕಾರಣ ನಾನೇ ಬರೆದಿದ್ದ ಒಂದು ಸಾಲು. ಪ್ರತಿ ಸೋಲಿಗೂ ಕ್ರಮಸಂಖ್ಯೆ, ಪ್ರಯತ್ನದ ಎಣಿಕೆ, ಸಮಯ ಸೇರಿಸಿ ಐವತ್ತು ಅಕ್ಷರಗಳನ್ನು ಸೀರಿಯಲ್ ಪೋರ್ಟ್‌ಗೆ ಮುದ್ರಿಸುತ್ತಿದ್ದೆ. 1,15,200 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 11,520 ಅಕ್ಷರ. ಐವತ್ತಕ್ಕೆ 4.34 ಮಿಲಿಸೆಕೆಂಡ್. ಮುದ್ರಣ ಮುಗಿಯುವವರೆಗೆ ಪ್ರೊಸೆಸರ್ ಕೈಕಟ್ಟಿ ನಿಂತಿರುತ್ತಿತ್ತು. ಒಂದು ಪೂರ್ಣ ಫ್ರೇಮ್ ಗಾಳಿಯಲ್ಲಿ ಹೋಗಿ ಮುಗಿಯುವಷ್ಟು ಹೊತ್ತು! ನಾನು 0 ಮತ್ತು 5ನ್ನು ಹೋಲಿಸುತ್ತಿರಲಿಲ್ಲ, 4.3 ಮತ್ತು 9.3ನ್ನು ಹೋಲಿಸುತ್ತಿದ್ದೆ. ಮುದ್ರಣದ ಸಾಲು ತೆಗೆದೊಡನೆ ತಕ್ಷಣದ ಮರುಪ್ರಸಾರದ ಯಶಸ್ಸು ಕುಸಿಯಿತು, ವ್ಯತ್ಯಾಸ ಎದ್ದು ಕಂಡಿತು.

ಅಂದಿನಿಂದ ಪಾಲಿಸುವ ಕ್ರಮ ಹೀಗೆ. ಪ್ರಯೋಗ ನಡೆಯುವಾಗ ಏನನ್ನೂ ಮುದ್ರಿಸುವುದಿಲ್ಲ. ಪ್ರತಿ ಘಟನೆಗೆ ಎಂಟು ಬೈಟ್‌ಗಳ ದಾಖಲೆಯನ್ನು ರ‍್ಯಾಮ್‌ನಲ್ಲಿ ಇಟ್ಟು, ಸುತ್ತು ಮುಗಿದ ಮೇಲೆ ಹೊರತೆಗೆಯುತ್ತೇನೆ. ಮಿಲಿಸೆಕೆಂಡ್‌ಗಿಂತ ಸೂಕ್ಷ್ಮವಾದುದಕ್ಕೆ ಪಿನ್ ಮತ್ತು ಲಾಜಿಕ್ ಅನಲೈಸರ್. ಅಳತೆಯ ಕೋಡ್ ಇದ್ದಾಗ ಮತ್ತು ಇಲ್ಲದಾಗ ಒಂದೊಂದು ಸುತ್ತು ಓಡಿಸಿ, ಅಳತೆಯೇ ಫಲಿತಾಂಶವನ್ನು ಅಲುಗಿಸುತ್ತಿದೆಯೇ ಎಂದು ನೋಡುತ್ತೇನೆ.

ಎಣಿಕೆಗಳು ಸುತ್ತು ಹೊಡೆಯುವುದನ್ನೂ ಗಮನದಲ್ಲಿಡಿ. 802.15.4 ಫ್ರೇಮ್‌ನ ಕ್ರಮಸಂಖ್ಯೆ ಒಂದೇ ಬೈಟ್, 256ಕ್ಕೊಮ್ಮೆ ಮೊದಲಿಗೆ ಮರಳುತ್ತದೆ. 32,768 ಹರ್ಟ್ಸ್ ಗಡಿಯಾರದ 16 ಬಿಟ್ ಎಣಿಕೆ ಎರಡೇ ಸೆಕೆಂಡಿನಲ್ಲಿ ತುಂಬುತ್ತದೆ. 32 ಬಿಟ್‌ನಲ್ಲಿ ಮಿಲಿಸೆಕೆಂಡ್ ಎಣಿಸಿದರೆ 49.7 ದಿನ: ಪ್ರಯೋಗಾಲಯದಲ್ಲಿ ಎಂದೂ ಕಾಣದ ದೋಷ ಹೊರಗೆ ಇಟ್ಟ ಐವತ್ತನೆಯ ದಿನ ಮುಖ ತೋರಿಸುತ್ತದೆ.

ಹಂತ 7: ಪ್ರಯೋಗದ ವಿನ್ಯಾಸ

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು: ಸೋಮವಾರ ಇಡೀ ದಿನ "ತಕ್ಷಣ", ಮಂಗಳವಾರ ಇಡೀ ದಿನ "ಕಾದು". ಮಂಗಳವಾರ ಕಟ್ಟಡದಲ್ಲಿ ಜನ ಕಡಿಮೆ ಇದ್ದರೆ ನಿಮ್ಮ ವಿಧಾನ ಗೆದ್ದಂತೆ ಕಾಣುತ್ತದೆ. ಐದೂ ಕಾಯುವಿಕೆಗಳನ್ನು ಹತ್ತು ಹತ್ತು ನಿಮಿಷದ ಸುತ್ತುಗಳಾಗಿ ಮಾಡಿ, ಪ್ರತಿ ಬಾರಿ ಕ್ರಮವನ್ನು ಚೀಟಿ ಎತ್ತಿದಂತೆ ಕಲಸಿ, ಹಗಲು ರಾತ್ರಿ ಸೇರಿ ಹಲವು ದಿನ ಓಡಿಸಿ.

ಎರಡನೆಯದು ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ 802.15.4ಕ್ಕೆ 11ರಿಂದ 26ರವರೆಗೆ ಹದಿನಾರು ಚಾನೆಲ್‌ಗಳು, ಒಂದಕ್ಕೊಂದು 5 ಮೆಗಾಹರ್ಟ್ಸ್ ದೂರ. 20 ಮೆಗಾಹರ್ಟ್ಸ್ ಅಗಲದ ಒಂದು ವೈಫೈ ಚಾನೆಲ್ ಇವುಗಳಲ್ಲಿ ನಾಲ್ಕನ್ನು ಮುಚ್ಚುತ್ತದೆ. ವೈಫೈನ 6ನೇ ಚಾನೆಲ್ ಬಳಕೆಯಲ್ಲಿದ್ದರೆ ನಮ್ಮ 16ರಿಂದ 19 ಅದರ ಅಡಿಗೆ. ವೈಫೈನ 1, 6, 11ನೇ ಚಾನೆಲ್‌ಗಳು ಮಾತ್ರ ಬಳಕೆಯಲ್ಲಿರುವ ಕಡೆ ನಮ್ಮ ಚಾನೆಲ್ 26 ಹೆಚ್ಚುಕಡಿಮೆ ಖಾಲಿ. ಹಾಗಾಗಿ 26ನ್ನು ಹೋಲಿಕೆಯ ತಳವಾಗಿಟ್ಟು, 17ರಲ್ಲಿ ನಿಜವಾದ ಪ್ರಯೋಗ ನಡೆಸಿ. ತೊಂದರೆ ಕೊಡುವ ಸಂಚಾರವನ್ನು ನಿಮ್ಮದೇ ರೂಟರ್ ಮತ್ತು ಐಪರ್ಫ್ ಎಂಬ ತಂತ್ರಾಂಶ ಬಳಸಿ ಹುಟ್ಟಿಸಿ, ಆಗ ಅದರ ಪ್ರಮಾಣ ನಿಮ್ಮ ಹಿಡಿತದಲ್ಲಿರುತ್ತದೆ. ರೇಡಿಯೊ ಜಾಮರ್ ಕಡೆಗೆ ಕೈ ಚಾಚಬೇಡಿ, ಅದು ಬಹುತೇಕ ದೇಶಗಳಲ್ಲಿ ಅಪರಾಧ.

ಸಮಯದ ಅಳತೆ ಮೂರನೆಯದು. ಸಾಮಾನ್ಯ ಹರಳಿನ ಗಡಿಯಾರ ದಶಲಕ್ಷಕ್ಕೆ 40 ಭಾಗ ತಪ್ಪಿದರೂ ದಿನಕ್ಕೆ ಸುಮಾರು ಮೂರೂವರೆ ಸೆಕೆಂಡ್ ಜಾರುತ್ತದೆ. ಎರಡು ನೋಡ್ ವಿರುದ್ಧ ದಿಕ್ಕಿಗೆ ಜಾರಿದರೆ ಏಳು. ಹೀಗಿರುವಾಗ ಒಂದರ ಗಡಿಯಾರದಿಂದ ಇನ್ನೊಂದರದನ್ನು ಕಳೆದು "ವಿಳಂಬ 3 ಮಿಲಿಸೆಕೆಂಡ್" ಎನ್ನುವುದು ಹಾಸ್ಯ. ಹೋಗಿ ಬರುವ ಸಮಯವನ್ನು ಒಂದೇ ನೋಡ್‌ನಲ್ಲಿ ಅಳೆಯಿರಿ, ಇಲ್ಲವೇ ಗಡಿಯಾರಗಳನ್ನು ಹೊಂದಿಸುವ ಪ್ರೊಟೊಕಾಲ್ ಹಾಕಿ ಅದರ ದೋಷವನ್ನೂ ವರದಿ ಮಾಡಿ.

ಹಂತ 8: ಸಂಖ್ಯೆಗಳನ್ನು ಓದುವುದು

ನೂರು ಪ್ಯಾಕೆಟ್ ಕಳಿಸಿ ತೊಂಬತ್ತೈದು ಬಂದರೆ "ಶೇ. 95" ಎಂದು ಬರೆಯುತ್ತೇವೆ. ಸರಳ ಸೂತ್ರದಂತೆ ಅದರ ಶೇ. 95 ವಿಶ್ವಾಸದ ವ್ಯಾಪ್ತಿ ಆಚೀಚೆ 4.3 ಶೇಕಡಾ ಅಂಶಗಳು. ಸಾವಿರ ಕಳಿಸಿದರೆ 1.35ಕ್ಕೆ ಇಳಿಯುತ್ತದೆ. ಹಾಗೆಂದು ನಿಶ್ಚಿಂತರಾಗಬೇಡಿ: ಆ ಸೂತ್ರ ಒಂದು ಪ್ಯಾಕೆಟ್‌ನ ಹಣೆಬರಹಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ ಎಂದು ನಂಬುತ್ತದೆ. ನಮ್ಮ ಇಡೀ ಪ್ರಾಜೆಕ್ಟ್ ಹೊರಟಿರುವುದೇ ನಷ್ಟಗಳು ಗುಂಪಾಗಿ ಬರುತ್ತವೆ ಎಂಬ ಗುಮಾನಿಯ ಮೇಲೆ. ಒಂದೇ ಗುಂಪಿನಲ್ಲಿ ಕಳೆದ ನಲವತ್ತು ಪ್ಯಾಕೆಟ್ ನಲವತ್ತು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ನಲವತ್ತು ಸಲ ಹೇಳಿದ ಮಾತು. ಆದ್ದರಿಂದ ಪ್ಯಾಕೆಟನ್ನು ಬಿಟ್ಟು ಹತ್ತು ನಿಮಿಷದ ಸುತ್ತನ್ನೇ ಒಂದು ಮಾದರಿ ಎಂದು ಎಣಿಸಿ. ಪ್ರತಿ ಕಾಯುವಿಕೆಗೆ ಮೂವತ್ತು ನಲವತ್ತು ಸುತ್ತುಗಳಿರಲಿ.

ಸರಾಸರಿಯೊಂದನ್ನೇ ತೋರಿಸಬೇಡಿ. ವಿಳಂಬದ ಸರಾಸರಿ ಚೆನ್ನಾಗಿದ್ದು ನೂರರಲ್ಲಿ ಒಂದು ಪ್ಯಾಕೆಟ್ ಎರಡು ಸೆಕೆಂಡ್ ತಡವಾಗಿ ಬಂದರೆ, ಆ ಒಂದಕ್ಕಾಗಿಯೇ ಕಾಯುತ್ತಿದ್ದವನಿಗೆ ಸರಾಸರಿಯಿಂದ ಏನೂ ಸಿಗದು. ಪೂರ್ಣ ವಿತರಣೆಯ ರೇಖೆಯನ್ನು ಬರೆಯಿರಿ. ನಷ್ಟವೊಂದರ ನಂತರ ಇಷ್ಟು ಮಿಲಿಸೆಕೆಂಡ್‌ಗೆ ಮತ್ತೆ ನಷ್ಟವಾಗುವ ಸಂಭವ ಎಷ್ಟು ಎಂಬ ಒಂದು ಚಿತ್ರ ನಮ್ಮ ಪ್ರಬಂಧದ ಬೆನ್ನೆಲುಬು. ರೇಖೆ ಎಲ್ಲಿ ಚಪ್ಪಟೆಯಾಗುತ್ತದೋ ಅದಕ್ಕಿಂತ ಹೆಚ್ಚು ಕಾಯುವುದರಲ್ಲಿ ಲಾಭವಿಲ್ಲ.

ಹಂತ 9: ಮೇಜಿನಿಂದ ಹೊರಗೆ

2005ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಆಲೂಗಡ್ಡೆ ಹೊಲದಲ್ಲಿ ಸುಮಾರು ನೂರು ನೋಡ್‌ಗಳನ್ನು ನೆಟ್ಟರು. ಮೂರು ವಾರ ನಡೆದ ಆ ಪ್ರಯೋಗದಲ್ಲಿ ಕೈಗೆ ಬಂದದ್ದು ನಿರೀಕ್ಷಿಸಿದ ದತ್ತಾಂಶದ ಶೇ. 2ರಷ್ಟು ಮಾತ್ರ. ಅವರು ಅದನ್ನು ಮುಚ್ಚಿಡದೆ ಎಲ್ಲೆಲ್ಲಿ ಎಡವಿದೆವೆಂದು ಬರೆದರು, ಈ ಕ್ಷೇತ್ರದಲ್ಲಿ ಅದು ಇಂದಿಗೂ ಓದಿಸಿಕೊಳ್ಳುತ್ತದೆ.

ಹತ್ತು ನೋಡ್‌ಗಳನ್ನು ಕಟ್ಟಡದ ಮೂಲೆಗಳಲ್ಲಿ ಇಡುವುದಕ್ಕೆ ಮುನ್ನ ಒಂದೇ ಮೇಜಿನ ಮೇಲೆ ಒಂದು ವಾರ ಬಿಡಿ. ಪ್ರತಿ ನೋಡ್‌ಗೆ, ಅದು ಸ್ತಬ್ಧವಾದರೆ ಮರುಪ್ರಾರಂಭಿಸುವ ವಾಚ್‌ಡಾಗ್ ಟೈಮರ್ ಇರಲಿ, ಎಷ್ಟು ಬಾರಿ ಮರುಪ್ರಾರಂಭವಾಯಿತೆಂದು ನೋಡ್ ತಾನೇ ಎಣಿಸಿಡಲಿ. ಪ್ರತಿ ಪ್ಯಾಕೆಟ್‌ನಲ್ಲಿ ಬ್ಯಾಟರಿ ವೋಲ್ಟೇಜ್ ಮತ್ತು ಫರ್ಮ್‌ವೇರ್ ಆವೃತ್ತಿ ಕಳಿಸಿ. ದತ್ತಾಂಶ ಸೇರುವ ಕೇಂದ್ರ ಕಂಪ್ಯೂಟರ್ ನಿಂತುಹೋದರೆ ಎಲ್ಲ ನೋಡ್‌ಗಳೂ ಸರಿಯಾಗಿದ್ದೂ ಏನೂ ಉಳಿಯದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ನೋಡ್‌ಗಳಲ್ಲೂ ಒಂದು ಪ್ರತಿ ಉಳಿಸಿ. ಜಾಗದ ಫೋಟೊ, ನೆಲದಿಂದ ಎತ್ತರ, ಆಂಟೆನಾ ಮುಖ ಮಾಡಿದ ದಿಕ್ಕು ಬರೆದಿಡಿ. ಸ್ವಚ್ಛಗೊಳಿಸಲು ಬಂದವರು ನೋಡ್ ಎತ್ತಿ ಬೇರೆಡೆ ಇಟ್ಟದ್ದು ದತ್ತಾಂಶದಲ್ಲಿ ನಿಗೂಢ ತಿರುವಿನಂತೆ ಕಾಣುತ್ತದೆ, ಫೋಟೊದಲ್ಲಿ ಮಾತ್ರ ಕಾರಣ ಸಿಗುತ್ತದೆ. ಮೇಲೊಂದು ಚೀಟಿ ಅಂಟಿಸಿ, ಇದೇನು, ಏಕೆ ಮುಟ್ಟಬಾರದು ಎಂದು.

ಹಂತ 10: ಬರವಣಿಗೆ

ಚಿತ್ರಗಳನ್ನು ಮೊದಲು ಮಾಡಿ, ಪ್ರತಿಯೊಂದರ ಕೆಳಗೆ ಅದು ಏನು ಹೇಳುತ್ತದೆಂದು ಒಂದೇ ವಾಕ್ಯ ಬರೆಯಿರಿ. ವಾಕ್ಯ ಹೊಳೆಯದ ಚಿತ್ರವನ್ನು ಕಿತ್ತುಹಾಕಿ. ಉಳಿದ ವಾಕ್ಯಗಳನ್ನು ಸಾಲಾಗಿ ಜೋಡಿಸಿದರೆ ಪ್ರಬಂಧದ ಅಸ್ಥಿಪಂಜರ ಸಿದ್ಧ. ಪೀಠಿಕೆ ಕೊನೆಗೆ. ನಿಮ್ಮ ವಿಧಾನ ಸೋತ ಸನ್ನಿವೇಶಗಳನ್ನು ನೀವೇ ಹೇಳಿ: ಖಾಲಿ ಚಾನೆಲ್ 26ರಲ್ಲಿ ಕಾಯುವುದು ಬರೀ ವಿಳಂಬವಾದರೆ ಅದೂ ಒಂದು ಫಲಿತಾಂಶವೇ.

ಕಳಿಸುವ ಮುನ್ನ ಒಂದು ಪರೀಕ್ಷೆ. ಕಚ್ಚಾ ಲಾಗ್‌ಗಳು, ವಿಶ್ಲೇಷಣೆಯ ಕೋಡ್, ಫರ್ಮ್‌ವೇರ್ ಆವೃತ್ತಿಯ ಗುರುತು ಇರುವ ಫೋಲ್ಡರನ್ನು ಪ್ರಾಜೆಕ್ಟ್‌ನ ಗಂಧಗಾಳಿಯಿಲ್ಲದ ಸ್ನೇಹಿತರೊಬ್ಬರಿಗೆ ಕೊಟ್ಟು, ಮೂರನೆಯ ಚಿತ್ರವನ್ನು ಅವರ ಕಂಪ್ಯೂಟರ್‌ನಲ್ಲಿ ಮತ್ತೆ ಬರೆಸಿ. ನೀವು ಪಕ್ಕದಲ್ಲಿ ಕೂತಿರಿ, ಬಾಯಿ ಬಿಡಬೇಡಿ. ಅವರು ತಡೆದು ನಿಂತ ಪ್ರತಿ ಜಾಗವನ್ನೂ ಗುರುತು ಹಾಕಿಕೊಂಡು, ಅವರು ಎದ್ದು ಹೋದ ಮೇಲೆ ಒಂದೊಂದಾಗಿ ಸರಿಪಡಿಸಿ.